ನಡುವಿನ ಕುರ್ಚಿಯವಳು

ಎರ್ಲಿಂದಾ ಸುಳ್ಳುಗಾತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವಳನ್ನು ಮಣ್ಣು ಮಾಡಿದ ದಿನ ನಮ್ಮ ಪಾದ್ರಿಗಳು ಮೂರು ಸಲ 'ಸತ್ಯವಂತೆ' ಎಂದು ಹೊಗಳಿದರು, ಮುಂದಿನ ಬೆಂಚಿನಲ್ಲಿ ಕೂತ ನಾನು ಕೆಮ್ಮು ಬಂದವಳಂತೆ ನಟಿಸಬೇಕಾಯಿತು. ಹದಿಮೂರು ವರ್ಷ, ಭಾನುವಾರ ಭಾನುವಾರ, ತನ್ನ ತಾಯಿ ಆಡದ ಮಾತನ್ನು ತಾಯಿಯ ಹೆಸರಿನಲ್ಲಿ ಮಗಳಿಗೆ ಉಣಿಸಿದವಳು ಅವಳು. ಆ ಮಾತುಗಳು ಈಗ ಒಂದು ಮಕ್ಕಳ ಪುಸ್ತಕದಲ್ಲಿವೆ. ಗಡಿಯ ನದಿಯ ಈಚೆಗಿರುವ ಎಷ್ಟೋ ಶಾಲೆಗಳಲ್ಲಿ ನಮ್ಮವರ ಮಕ್ಕಳು ಅದನ್ನು ಓದುತ್ತಾರೆ. ಪುಸ್ತಕ ಬರೆದವಳು ಆ ಮಗಳೇ. ಮಾತು ಯಾರವೆಂದು ಅವಳಿಗೆ ಗೊತ್ತಿಲ್ಲ. ಗೊತ್ತಿರುವವಳು ನಾನೊಬ್ಬಳೇ.

ನನ್ನ ಹೆಸರು ತೋಮಾಸಾ. ಊರಿನ ಶಾಲೆಯ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ಸೌಟು ಹಿಡಿದವಳು. ಎರ್ಲಿಂದಾ ಅದೇ ಶಾಲೆಯ ಲೈಬ್ರರಿಯಲ್ಲಿ ಸಹಾಯಕಿ. ಇಬ್ಬರೂ ರೈಲು ಹಳಿಯ ಈಚೆಯ ಒಂದೇ ಓಣಿಯಲ್ಲಿ ಹುಟ್ಟಿದವರು, ಒಂದೇ ಈರುಳ್ಳಿ ಹೊಲದಲ್ಲಿ ಅಪ್ಪಂದಿರ ಹಿಂದೆ ಓಡಾಡಿದವರು. ಚಿಕ್ಕಂದಿನಿಂದ 'ನೀನು, ಹೋಗೇ, ಬಾರೇ' ಎಂದೇ ನಮ್ಮ ಮಾತು. ಅವಳಿಗೆ ಮಗಳು ಹುಟ್ಟಿ, ದೀಕ್ಷಾಸ್ನಾನದ ದಿನ ಆ ಕೂಸನ್ನು ನಾನು ಎತ್ತಿಕೊಂಡೆ ನೋಡಿ, ಅಲ್ಲಿಂದ ನಾವಿಬ್ಬರೂ ಪರಸ್ಪರ 'ಕೊಮಾದ್ರೆ', ಒಂದೇ ಕೂಸಿನ ಇಬ್ಬರು ತಾಯಂದಿರು, ಆದೆವು. ಕೂಸಿಗೆ ನಾನು ಮದ್ರಿನಾ, ಅಂದರೆ ದೇವರ ಮುಂದಿನ ತಾಯಿ. ಕೊಮಾದ್ರೆಯನ್ನು ಏಕವಚನದಲ್ಲಿ ಕರೆಯುವಂತಿಲ್ಲ, ಅವಳೊಡನೆ ಜಗಳ ಕಾಯುವಂತಿಲ್ಲ, ಅವಳ ಗುಟ್ಟನ್ನು ಹೊರಗೆ ಹಾಕುವಂತಿಲ್ಲ. ಇಗರ್ಜಿಯ ಮೆಟ್ಟಿಲು ಹತ್ತುವಾಗ ಅವಳು "ಬಾರೇ ಬೇಗ" ಎಂದಿದ್ದಳು. ಇಳಿಯುವಾಗ "ನಿಧಾನಕ್ಕೆ ಇಳೀರಿ, ಕೊಮಾದ್ರೆ" ಎಂದಳು. ನನಗೆ ನಗು ಬಂತು, ಅವಳು ನಗಲಿಲ್ಲ. ಇಂಥವನ್ನೆಲ್ಲ ಅವಳು ಗಟ್ಟಿಯಾಗಿ ಹಿಡಿದುಕೊಳ್ಳುವವಳು.

ಆ ಕೂಸೇ ನೆರೈದಾ. ಅವಳಿಗೆ ನಮ್ಮ ಭಾಷೆ ಸ್ಪ್ಯಾನಿಷ್ ಕಲಿಸುವುದಿಲ್ಲವೆಂದು ಎರ್ಲಿಂದಾ ತೊಟ್ಟಿಲು ಕಟ್ಟುವ ಮೊದಲೇ ತೀರ್ಮಾನ ಮಾಡಿದ್ದಳು. ಅದಕ್ಕೆ ಕಾರಣ ನಾನೇ. ಎರಡನೇ ಕ್ಲಾಸಿನಲ್ಲಿ ನಾನು ಅವಳ ಹತ್ತಿರ ರಬ್ಬರ್ ಕೇಳಿದೆ, ಸ್ಪ್ಯಾನಿಷಿನಲ್ಲಿ. ನನಗೆ ಬೇರೆ ಭಾಷೆ ಎಲ್ಲಿ ಬರುತ್ತಿತ್ತು? ಅವಳು "ತಗೋ" ಎಂದಳು, ಅಷ್ಟೇ. ಟೀಚರಿಗೆ ಅವಳ ದನಿ ಕೇಳಿಸಿತು, ನನ್ನದು ಕೇಳಿಸಲಿಲ್ಲ. ಶಾಲೆಯ ಗೇಟಿನೊಳಗೆ ಇಂಗ್ಲಿಷ್ ಬಿಟ್ಟು ಬೇರೆ ಮಾತು ಆಡಿದರೆ ಶಿಕ್ಷೆ. ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಸುತ್ತು ಬರೆದು, ಅದರೊಳಗೆ ಮೂಗು ಒತ್ತಿಕೊಂಡು ನಿಲ್ಲಬೇಕು. ಸುತ್ತನ್ನು ಅವಳ ಎತ್ತರಕ್ಕಿಂತ ನಾಲ್ಕು ಬೆರಳು ಮೇಲೆ ಬರೆದಿದ್ದರು. ಮಧ್ಯಾಹ್ನದವರೆಗೆ ತುದಿಗಾಲಲ್ಲಿ ನಿಂತಳು. ತಿರುಗಿದಾಗ ಮೂಗಿನ ತುದಿ ಬೆಳ್ಳಗಾಗಿತ್ತು, ಎಲ್ಲರ ಜೊತೆ ನಾನೂ ನಕ್ಕೆ. ರಬ್ಬರ್ ನನ್ನ ಜೇಬಿನಲ್ಲೇ ಇತ್ತು.

ಅವಳು ಅದನ್ನು ಒಂದು ದಿನವೂ ಎತ್ತಿ ಆಡಲಿಲ್ಲ. ಆದರೆ ಬಸುರಿಯಾದಾಗ ಹಳಿಯ ಆಚೆ, ಇಂಗ್ಲಿಷಿನವರ ಬೀದಿಯಲ್ಲಿ ಬಾಡಿಗೆ ಮನೆ ಹಿಡಿದಳು. "ಕೊಮಾದ್ರೆ, ಮಗು ಮುಂದೆ ನೀವೂ ಇಂಗ್ಲಿಷೇ ಆಡ್ಬೇಕು" ಎಂದು ನನ್ನ ಕೈಯಿಂದ ಭಾಷೆ ತೆಗೆದುಕೊಂಡಳು. ನನ್ನ ಇಂಗ್ಲಿಷ್ ಕೇಳಿದರೆ ಕತ್ತೆಗೂ ನಗು ಬರಬೇಕು. ಆದರೂ ಒಪ್ಪಿದೆ. ಅವಳ ಗಂಡ ಉತ್ತರದ ಬೀಟ್ ಗದ್ದೆಗಳಿಗೆ ದುಡಿಯಲು ಹೋದವನು ಮೂರನೇ ಸುಗ್ಗಿಯಿಂದ ತಿರುಗಿ ಬರಲಿಲ್ಲ. ಮನೆಯಲ್ಲಿ ಉಳಿದವರು ತಾಯಿ, ಮಗಳು, ಎರಡು ರೇಡಿಯೋ. ಒಂದು ಹಾಳಾದರೂ ಇಂಗ್ಲಿಷ್ ನಿಲ್ಲಬಾರದಂತೆ. ಕಳ್ಳನಿಗೆ ಹೆದರಿ ಕಿಟಕಿಗೆಲ್ಲ ಮೊಳೆ ಹೊಡೆದು, ಆಮೇಲೆ ಗಾಳಿಯಿಲ್ಲವೆಂದು ಬೀಸಣಿಗೆ ಹುಡುಕಿದವರ ಕಥೆ ಅವಳದು. ನಮ್ಮ ಪೀಳಿಗೆಯವರು ಎಷ್ಟೋ ಜನ ಈ ತಪ್ಪು ಮಾಡಿದ್ದೇವೆ, ಅವಳೊಬ್ಬಳನ್ನೇ ದೂರಿ ಏನು ಬಂತು?

ಎರ್ಲಿಂದಾಳ ತಾಯಿ ದೋನ್ಯಾ ಕ್ರಿಸಾಂತಾ ಇದ್ದದ್ದು ನದಿಯಾಚೆ, ನಮ್ಮ ಹಿರಿಯರ ದೇಶದಲ್ಲಿ. ಗಂಡ ಹೊಲದಲ್ಲೇ ಕುಸಿದು ಸತ್ತ ಮೇಲೆ "ಈ ನೆಲ ನನ್ ಗಂಡನ್ನ ತಿಂತು" ಎಂದು ಗಂಟುಮೂಟೆ ಕಟ್ಟಿ ಸೇತುವೆ ದಾಟಿ ಹೋದವಳು ಮತ್ತೆ ಈ ಕಡೆಗೆ ಕಾಲಿಡಲಿಲ್ಲ. ಆದ್ದರಿಂದ ಭಾನುವಾರ ನಾವೇ ಹೋಗಬೇಕು. ನೆರೈದಾಗೆ ನಾಲ್ಕು ತುಂಬಿದ ವರ್ಷ ಶುರುವಾದದ್ದು, ಅಜ್ಜಿ ಸಾಯುವವರೆಗೆ ನಡೆಯಿತು. ಮೂರು ಕುರ್ಚಿ ಸಾಲಾಗಿ. ಒಂದು ತುದಿಗೆ ಅಜ್ಜಿ, ಇನ್ನೊಂದು ತುದಿಗೆ ಮೊಮ್ಮಗಳು, ನಡುವೆ ಎರ್ಲಿಂದಾ. ನಾನು ಒಲೆಯ ಹತ್ತಿರ ಪಲ್ಯಕ್ಕೆಂದು ಮುಳ್ಳುಗಳ್ಳಿಯ ಎಲೆ ಹೆಚ್ಚುತ್ತಾ ಎರಡೂ ಕಡೆಯ ಮಾತು ಕೇಳುತ್ತಿದ್ದೆ. ಅಜ್ಜಿಗೆ ಇಂಗ್ಲಿಷ್ ಬಾರದು. ಮೊಮ್ಮಗಳಿಗೆ ನೀರು, ರೊಟ್ಟಿ, ಬಾ, ಮಗಳು ಎಂಬಂಥ ಹತ್ತು ಶಬ್ದ ಬಿಟ್ಟರೆ ಸ್ಪ್ಯಾನಿಷ್ ಬಾರದು.

ದೋನ್ಯಾ ಕ್ರಿಸಾಂತಾ ಕೆಟ್ಟವಳಲ್ಲ. ಒಂಬತ್ತು ಹೆತ್ತು ಆರು ಮಣ್ಣಿಗೆ ಕೊಟ್ಟವಳು, ನಾಲಿಗೆ ಒಣಗಿತ್ತು. ಮೊದಲ ರೊಟ್ಟಿಯ ಮೊದಲ ಚೂರು ಹುಡುಗಿಯ ತಟ್ಟೆಗೇ ಬೀಳುತ್ತಿತ್ತು, ಆದರೆ ಅದರ ಜೊತೆಗೆ ಬೀಳುವ ಮಾತು ಮಾತ್ರ ಕಲ್ಲು. ಮೊದಲ ವರ್ಷ ನೆರೈದಾ ಕೋಳಿಗಳ ಚಿತ್ರ ಬರೆದು ತಂದು ಕೊಟ್ಟಳು. ಮುದುಕಿ ಕಾಗದ ತಿರುಗಿಸಿ ತಿರುಗಿಸಿ ನೋಡಿ, "ಇದೇನು, ತಿಪ್ಪೆ ಕೆದರಿದಂಗಿದೆ. ಮೊದ್ಲು ಕೈ ತೊಳ್ಕೊಂಬಾ ಅನ್ನು" ಎಂದಳು.

ಹುಡುಗಿ ತಾಯಿಯ ಮುಖ ನೋಡಿದಳು. ಎರ್ಲಿಂದಾ ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದು ಇಂಗ್ಲಿಷಿನಲ್ಲಿ ಹೇಳಿದಳು. "ನಿನ್ ಕೋಳಿಗಳು ಈಗ್ಲೇ ಕಾಳು ಕೇಳೋ ಹಾಗಿವೆಯಂತೆ. ಕೈ ತೊಳ್ಕೊಂಡು ಬಾ, ಇಬ್ರೂ ಸೇರಿ ಹಾಕೋಣ ಅಂತಾಳೆ ಅಜ್ಜಿ."

ಹುಡುಗಿ ಕುಣಿಯುತ್ತಾ ಕೈ ತೊಳೆಯಲು ಹೋದಳು. ನನ್ನ ಚಾಕು ನಿಂತಿತು. ಅಲ್ಲಿಂದ ಶುರು.

"ನಗೋದೇ ಇಲ್ವಲ್ಲ ಅಜ್ಜಿ, ಯಾಕೆ?" ಎಂದು ಹುಡುಗಿ ತಾಯಿಯ ಕೈಲಿ ಕೇಳಿಸಿದರೆ, ಮುದುಕಿ "ಹಲ್ಲು ಕಿರಿಯೋಕೆ ನಾನೇನು ಅಂಗಡಿ ಇಟ್ಟಿದೀನಾ" ಎನ್ನುವಳು. ಅದು ನಡುವಿನ ಕುರ್ಚಿ ದಾಟುವ ಹೊತ್ತಿಗೆ "ನಗೂನೆಲ್ಲ ನಿನ್ ಮದುವೆಗೆ ಅಂತ ಎತ್ತಿಟ್ಟಿದಾಳಂತೆ" ಎಂದಾಗುವುದು. ಒಂದು ಭಾನುವಾರ ಮುದುಕಿಗೆ ತಡೆಯಲಾಗಲಿಲ್ಲ. "ಪರದೇಶಿ ಮಗೂನ ಹೆತ್ತು ನನ್ ಮುಂದೆ ಕೂರಿಸಿದೀಯ. ನಾಳೆ ನನ್ ಹೆಣದ ಮುಂದೆ ಅಳೋಕಾದ್ರೂ ಇದಕ್ಕೆ ಮಾತು ಬರುತ್ತಾ?" ಎಂದಳು. ಎರ್ಲಿಂದಾ ಕಣ್ಣು ಒರೆಸಿಕೊಳ್ಳದೆ ಮಗಳ ಕಡೆ ತಿರುಗಿದಳು. "ನದಿಗೆ ಎರಡು ದಡ. ನೀನು ಆ ದಡ, ನಾನು ಈ ದಡ. ಇಬ್ರನ್ನೂ ಮುಟ್ಟಿ ಹೋಗೋ ನೀರು ಒಂದೇ ಅಂತಾಳೆ ನಿನ್ನಜ್ಜಿ."

ಸೇತುವೆಯ ಮೇಲೆ ವಾಪಸು ನಡೆಯುವಾಗ ನಾನು ಬಿಡಲಿಲ್ಲ. "ಅಲ್ಲ ಕೊಮಾದ್ರೆ, ನಿಮ್ಮಮ್ಮ ಬೇವು ಕೊಟ್ರೆ ನೀವು ಬೆಲ್ಲ ಅಂತ ಹಂಚ್ತೀರಲ್ಲ. ಒಂದಿನ ಸಿಕ್ಕಿ ಬೀಳ್ತೀರಿ ನೋಡಿ."

"ಅಮ್ಮನ ಹೊಟ್ಟೇಲಿರೋದನ್ನ ಹೇಳ್ತೀನಿ, ಬಾಯಲ್ಲಿರೋದನ್ನಲ್ಲ" ಎಂದಳು.

"ಹೊಟ್ಟೆ ಒಳಗೆ ಇಳಿದು ನೋಡಿ ಬಂದ್ರೇನು?"

"ಭಾಷೆ ಕಿತ್ಕೊಂಡವಳು ನಾನು. ಅಜ್ಜೀನೂ ಕಿತ್ಕೊಳ್ಲಾ?" ಎಂದಳು.

ತಿದ್ದುವ ಚಾಳಿ ಅವಳಿಗೆ ಕೆಲಸದಲ್ಲೂ ಇತ್ತು. ಆಗ ಲೈಬ್ರರಿಯ ಚಿತ್ರಪುಸ್ತಕಗಳಲ್ಲಿ ಎಲ್ಲಿ ನೋಡಿದರೂ ಹಳದಿ ಕೂದಲಿನ ಮಕ್ಕಳು, ಹಿಮ, ಅಪ್ಪನ ಟೈ. ನಮ್ಮಂಥ ಮುಖ ಒಂದು ಹಾಳೆಯಲ್ಲೂ ಇಲ್ಲ. ಹರಿದು ರದ್ದಿಗೆ ಹೋಗುವ ಪುಸ್ತಕಗಳನ್ನು ಅವಳು ಮನೆಗೆ ತಂದು, ಅಂಟು ಹಚ್ಚಿ, ಹುಡುಗಿಯರ ಹಳದಿ ಕೂದಲಿಗೆ ಕಪ್ಪು ಬಣ್ಣ ಬಳಿಯುತ್ತಿದ್ದಳು. ಗಲ್ಲಕ್ಕೆ ತೆಳ್ಳಗೆ ಕಂದು. ಹೊಲದ ಕೂಲಿಯವರ ಮಕ್ಕಳಿಗೆ ಅವನ್ನು ಹಂಚುವಳು. ಒಬ್ಬ ಹುಡುಗಿ "ಇವಳು ನಮ್ಮ ದೊಡ್ಡಮ್ಮನ ಮಗಳ ಥರಾನೇ ಇದಾಳೆ" ಎಂದಳೆಂದು ವಾರವಿಡೀ ನನ್ನ ಅಡುಗೆಮನೆಗೆ ಬಂದು ಹೇಳಿದ್ದೇ ಹೇಳಿದ್ದು. ಆದರೆ ಮಗಳನ್ನು ಮುದ್ದು ಮಾಡಿದ್ದನ್ನು ನಾನು ಕಂಡವಳಲ್ಲ. ತನ್ನ ಬಾಯಿಂದ, ತನ್ನ ಹೆಸರಿನಲ್ಲಿ, ನೆರೈದಾಗೆ ಅವಳು ಹೇಳುತ್ತಿದ್ದದ್ದು ಮೂರೇ: ಓದು, ನೆಟ್ಟಗೆ ಕೂರು, ಬೇಗ ಮಲಗು. ಇಂಗ್ಲಿಷಿನಲ್ಲಿ ಮುದ್ದು ಮಾಡುವುದು ಹೇಗೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಅಜ್ಜಿಯ ಹೆಸರು ಹೇಳಿದರೆ ಮಾತ್ರ ಬಾಯಿ ತೆರೆಯುತ್ತಿತ್ತು.

ನೆರೈದಾ ಓದಿದಳು, ದೊಡ್ಡ ಊರಿನಲ್ಲಿ ಟೀಚರಾದಳು. ನಲವತ್ತಕ್ಕೆ ಹತ್ತಿರವಾದಾಗ ಪುಸ್ತಕ ಬರೆದಳು. ನದಿಯಾಚೆಯ ಒಬ್ಬ ಅಜ್ಜಿ, ಈಚೆಯ ಒಬ್ಬ ಹುಡುಗಿ, ಒಂದಿಷ್ಟು ಕೋಳಿ. ಎಲ್ಲ ಪುಟದಲ್ಲೂ ಅಜ್ಜಿಯ ಮಾತು. ಮೊದಲ ಹಾಳೆಯಲ್ಲಿ 'ನನಗೆ ಮಾತು ಕೊಟ್ಟ ಅಜ್ಜಿಗೆ' ಎಂದು ಅಚ್ಚಾಗಿತ್ತು. ನಮ್ಮ ಊರಿನ ಲೈಬ್ರರಿಯಲ್ಲಿ ಓದಿ ಹೇಳಲು ಬಂದಳು. ಚಾಪೆಯ ಮೇಲೆ ಐವತ್ತು ಮಕ್ಕಳು. ಎರ್ಲಿಂದಾ ಕೊನೆಯ ಸಾಲಿನಲ್ಲಿ, ಒಳ್ಳೆಯ ನೀಲಿ ಉಡುಪು ಹಾಕಿಕೊಂಡು, ಪಕ್ಕದಲ್ಲಿ ನಾನು. ಒಂದೊಂದು ಮಾತು ಬಂದಾಗಲೂ ಅವಳ ತುಟಿ ಅಲ್ಲಾಡುತ್ತಿತ್ತು. ಎರಡು ದಡದ ಮಾತಿಗೆ ದೊಡ್ಡವರೆಲ್ಲ ಮೂಗು ಒರೆಸಿಕೊಂಡರು.

ಮುಂದೆ ಕೂತಿದ್ದ ಹಲ್ಲಿಲ್ಲದ ಒಂದು ಹುಡುಗಿ ಕೈ ಎತ್ತಿತು. "ಈ ಹುಡುಗಿಗೆ ಅಮ್ಮ ಇಲ್ವಾ?"

ನೆರೈದಾ ಪುಟ ತಿರುವಿ ನೋಡಿದಳು, ತನಗೇ ಆಗ ಹೊಳೆಯಿತೋ ಏನೋ. "ಇದಾಳೆ. ಅಮ್ಮ ಕೆಲಸಕ್ಕೆ ಹೋಗಿರ್ತಾಳೆ" ಎಂದಳು.

ಎರ್ಲಿಂದಾ ಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಆಮೇಲೆ ಎಲ್ಲರ ಜೊತೆ ಚಪ್ಪಾಳೆಯನ್ನೂ ತಟ್ಟಿದಳು.

ಊಟಕ್ಕೆ ಕೂತಾಗ ನೆರೈದಾ ತಾಯಿಗೆ ಹೇಳಿದಳು. "ಅಮ್ಮಾ, ನೀನು ನಂಗೆ ಭಾಷೆ ಕಲಿಸಿದ್ರೆ ಅಜ್ಜಿ ಮಾತು ನೇರವಾಗಿ ಕೇಳ್ತಿದ್ದೆ. ನಿನ್ ಮೂಲಕ ಬರೋ ಅಷ್ಟ್ರಲ್ಲಿ ಎಷ್ಟು ಸೋರಿ ಹೋಯ್ತೋ ಏನೋ."

ನಾನು ತಟ್ಟೆಯನ್ನು ಸದ್ದಾಗುವಂತೆ ಇಟ್ಟೆ. ಎರ್ಲಿಂದಾ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. "ಸ್ವಲ್ಪ ಸೋರಿರ್ಬೋದು" ಎಂದಳು.

ಕಾರಿನಲ್ಲಿ ನಾನು ಕಿಡಿಕಿಡಿಯಾದೆ. "ಸೋರಿದ್ದಲ್ಲ ಕೊಮಾದ್ರೆ, ಆ ಕೊಡ ತುಂಬಿಸಿದ್ದೇ ನೀವು. ನಾಳೆ ಬೆಳಿಗ್ಗೆ ನೀವು ಹೇಳ್ತೀರೋ ನಾನು ಹೇಳ್ಲೋ?"

ಅವಳು ಗಾಡಿ ಬದಿಗೆ ಹಾಕಿದಳು. "ಅವಳಿಗೊಬ್ಬಳು ಅಜ್ಜಿ ಇದಾಳೆ. ಆ ಅಜ್ಜಿ ಈಗ ಆ ಮಕ್ಕಳಿಗೆಲ್ಲ ಅಜ್ಜಿ. ಅವಳನ್ನ ಕೊಂದ್ರೆ ನನ್ ಕೈಗೇನು ಬರುತ್ತೆ ಹೇಳಿ? ನೀವು ನೆರೈದಾನ ಎತ್ಕೊಂಡಾಗ ಅವಳ ತಲೆ ಮೇಲೆ ಬಿದ್ದ ನೀರಿನ ಮೇಲಾಣೆ. ನೀವು ಬಾಯಿ ಬಿಡಬಾರ್ದು."

"ಅದು ನಿಮ್ ಮಾತು ಅಂತ ಅವಳಿಗೆ ತಿಳಿಯೋದು ನಿಮಗೆ ಬೇಡ್ವಾ? ಒಂದ್ಸಲನಾದ್ರೂ?"

"ಬೇಕು" ಎಂದಳು. ಆಮೇಲೆ ಗಾಡಿ ಹೊರಡಿಸಿದಳು. ಅಂದಿನಿಂದ ಆ ಗುಟ್ಟು ನನ್ನ ಬಾಯಲ್ಲಿ ಬಿಸಿ ತುಪ್ಪವಾಗಿತ್ತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಆದರೆ ಆ 'ಬೇಕು' ಎಂಬುದನ್ನು ನಾನು ಕೇಳಿದ್ದೆ. ಎಂದಾದರೂ ಒಂದು ದಿನ, ಅವಳ ಕಣ್ಣ ಮುಂದೆಯೇ, ಮಗಳಿಗೆ ಹೇಳಿಬಿಡಬೇಕೆಂದು ನಿಶ್ಚಯಿಸಿಕೊಂಡೆ. ಆಣೆ ಮುರಿದ ಪಾಪ ನನಗಿರಲಿ.

ಆ ದಿನ ಬರುವುದರೊಳಗೆ ಎರ್ಲಿಂದಾಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಇಂಗ್ಲಿಷ್ ಹೋಯಿತು. ಐವತ್ತೈದು ವರ್ಷ ಕಷ್ಟಪಟ್ಟು ಕಟ್ಟಿದ್ದು ಒಂದು ಬೆಳಗಿನಲ್ಲಿ ಕುಸಿದುಬಿತ್ತು, ಉಳಿದದ್ದು ತಾಯಿ ಕೊಟ್ಟ ಸ್ಪ್ಯಾನಿಷ್ ಒಂದೇ. ಹೀಗೂ ಆಗುವುದುಂಟು, ಮೊದಲು ಕಲಿತದ್ದು ಕೊನೆಗೆ ಉಳಿಯುತ್ತದೆ ಎಂದರು ಡಾಕ್ಟರು. ನೆರೈದಾ ರಜೆ ಹಾಕಿ ಓಡಿ ಬಂದಳು. ಆಸ್ಪತ್ರೆಯ ಕೋಣೆಯಲ್ಲಿ ತಾಯಿ ಒಂದು ಕಡೆ, ಮಗಳು ಒಂದು ಕಡೆ, ನಡುವೆ ಕುರ್ಚಿ ಹಾಕಿಕೊಂಡು ನಾನು.

ಮೊದಲ ದಿನಗಳಲ್ಲಿ ಕಷ್ಟವಾಗಲಿಲ್ಲ. ನೀರು ಕೇಳುತ್ತಾಳೆ, ದಿಂಬು ಸರಿ ಮಾಡಬೇಕಂತೆ, ಸಾರಿಗೆ ಉಪ್ಪಿಲ್ಲವಂತೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಾನು ಎರ್ಲಿಂದಾ ಅಲ್ಲ, ನನಗೆ ಬಣ್ಣ ಬಳಿಯಲು ಬರುವುದಿಲ್ಲ ಎಂದು ಒಳಗೊಳಗೇ ಹೆಮ್ಮೆಯೂ ಇತ್ತು. ಎರಡನೇ ಭಾನುವಾರ ಅವಳ ಮುಖ ತಿಳಿಯಾಗಿತ್ತು. ಇವತ್ತೇ ಎಂದುಕೊಂಡೆ. ಹೊರಗೆ ನೆರೈದಾ ಕಾಫಿ ಹಿಡಿದು ನಿಂತಿದ್ದಳು.

"ಮಗಳೇ, ನಿನ್ ಪುಸ್ತಕದ ವಿಷಯ ಒಂದು ಮಾತಿತ್ತು" ಎಂದೆ.

"ಅದಕ್ಕೆ ಮುಂಚೆ ನಂದೊಂದು, ಮದ್ರಿನಾ" ಎಂದಳು. ಅವಳ ಕಣ್ಣು ಕೆಂಪಾಗಿತ್ತು. "ಅಮ್ಮನ್ನ ಒಂದ್ ಮಾತು ಕೇಳಿ. ನಂಗ್ಯಾಕೆ ಭಾಷೆ ಕಲಿಸ್ಲಿಲ್ಲ ಅಂತ. ನನ್ನ ಕಂಡ್ರೆ ಅವಳಿಗೆ ಇಷ್ಟಾನೇ ಇರ್ಲಿಲ್ವೇನೋ ಅಂತ ಇಷ್ಟು ವರ್ಷ ಅಂದ್ಕೊಂಡೇ ಬಂದಿದೀನಿ. ಅಜ್ಜಿಗಾದ್ರೂ ನಾನಂದ್ರೆ ಆಸೆ ಇತ್ತು."

ದೇವರೇ ದಾರಿ ತೋರಿಸಿದ ಎಂದುಕೊಂಡೆ. ಉತ್ತರ ಅವಳ ಬಾಯಿಂದಲೇ ಬರಲಿ, ಆಮೇಲೆ ನಾನು ಉಳಿದದ್ದು ಹೇಳುತ್ತೇನೆ. ಒಳಗೆ ಹೋದೆವು. ನೆರೈದಾ ಹಾಸಿಗೆಯ ಅಂಚಿನಲ್ಲಿ ಕೂತು ತಾಯಿಯ ಎಡಗೈ ಹಿಡಿದುಕೊಂಡಳು. ನಾನು ಸ್ಪ್ಯಾನಿಷಿನಲ್ಲಿ, ನಿಧಾನವಾಗಿ, ಕೇಳಿದೆ.

ಎರ್ಲಿಂದಾ ಮಗಳ ಮುಖವನ್ನು ಚೆನ್ನಾಗಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಕೊಮಾದ್ರೆ ಎನ್ನಲಿಲ್ಲ. "ಲೇ ತೋಮಾಸಾ, ಯಾರೇ ಈ ಹೆಂಗಸು? ದಿನಾ ಬಂದು ಕೈ ಹಿಡ್ಕೊಂಡು ಏನೋ ಗೊಣಗ್ತಾಳೆ. ಒಂದೂ ತಿಳಿಯಲ್ಲ. ಎದ್ದು ಹೋಗೋಕೆ ಹೇಳೇ. ನನ್ ಮಗಳು ಬರೋ ಹೊತ್ತಾಯ್ತು, ಅವಳಿಗೆ ಕೂರೋಕೆ ಜಾಗ ಬೇಕು."

ಕೈಯನ್ನೂ ಎಳೆದುಕೊಂಡಳು. ಉಳಿದ ಆ ಒಂದು ಕೈಯಲ್ಲೂ ಬಲವಿರಲಿಲ್ಲ, ಅರ್ಧಕ್ಕೇ ನಿಂತಿತು.

ನೆರೈದಾ ನನ್ನನ್ನೇ ನೋಡುತ್ತಿದ್ದಳು. "'ಮಗಳು' ಅಂದ್ಲು ಅಲ್ವಾ? ಅದೊಂದು ಗೊತ್ತಾಯ್ತು ನಂಗೆ. ಏನಂದ್ಲು ಮದ್ರಿನಾ?"

ನಲವತ್ತು ವರ್ಷ ನಾನು ಯಾರನ್ನು ಸುಳ್ಳುಗಾತಿ ಎಂದು ಹಂಗಿಸಿದ್ದೆನೋ ಅವಳು ಆ ಒಂದು ಉಸಿರಿನಷ್ಟು ಹೊತ್ತಿನಲ್ಲಿ ಏನು ಅನುಭವಿಸುತ್ತಿದ್ದಳೆಂದು ನನಗೆ ಆಗ ತಿಳಿಯಿತು. ನನ್ನ ಕೆಟ್ಟ ಇಂಗ್ಲಿಷ್ ತನ್ನಷ್ಟಕ್ಕೆ ತಾನೇ ಹೊರಟಿತು.

"ನನ್ ಮಗಳು ಬಂದ್ಲು ಅಂದ್ರೆ ಕೈಯಿಲ್ಲದ್ದೂ ಮರ್ತೋಗುತ್ತೆ ಅಂತಾಳೆ. ಶಾಲೇಲಿ ಕರಿಹಲಗೆಗೆ ಮೂಗು ಹಚ್ಚಿ ನಿಂತೆ, ನನ್ ಕೂಸು ಹಾಗೆ ನಿಲ್ಲಬಾರ್ದು ಅಂತ ಭಾಷೆ ಬಚ್ಚಿಟ್ಟೆ ಅಂತಾಳೆ. ಕೈಬಿಡಬೇಡ, ಇನ್ ಸ್ವಲ್ಪ ಹೊತ್ತು ಹಿಡ್ಕೊಂಡಿರು ಅಂತಾಳೆ."

ನೆರೈದಾ ಆ ಕೈಯನ್ನು ಎರಡು ಕೈಯಲ್ಲೂ ಹಿಡಿದು ಕೆನ್ನೆಗೆ ಒತ್ತಿಕೊಂಡಳು. ಎರ್ಲಿಂದಾ ಬಾಗಿಲ ಕಡೆ ನೋಡುತ್ತಿದ್ದಳು.

ಆಮೇಲೆ ಹನ್ನೊಂದು ದಿನ ಅವಳಿದ್ದಳು. ಹನ್ನೊಂದು ದಿನವೂ ನಾನು ಹೇಳಿದೆ. ಅವಳು "ಕಿಟಕಿ ಮುಚ್ಚು" ಎಂದರೆ ಒಂದು, "ಅಮ್ಮ ಎಲ್ಲಿ" ಎಂದರೆ ಇನ್ನೊಂದು. ನೆರೈದಾ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾ ಹೋದಳು. ನನಗೆ ಅಷ್ಟೊಂದು ಮುದ್ದಿನ ಮಾತು ಎಲ್ಲಿಂದ ಬಂತೋ ತಿಳಿಯದು, ನಾನು ಸೌಟು ಹಿಡಿದವಳು.

ಮಣ್ಣು ಮಾಡಿ ಬಂದ ಮಾರನೆಯ ದಿನ ನೆರೈದಾ ನನ್ನ ಅಡುಗೆಮನೆಯಲ್ಲಿ ಕೂತಿದ್ದಳು. ನೋಟ್‌ಬುಕ್ ಮೇಜಿನ ಮೇಲಿತ್ತು. ಇದನ್ನು ಪುಸ್ತಕ ಮಾಡುತ್ತಾಳಂತೆ, ಈ ಸಲ ತಾಯಿಯ ಪುಸ್ತಕ. ಹೇಳಿಬಿಡಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲವೆಂದು ನನಗೆ ಗೊತ್ತಿತ್ತು. ಅಜ್ಜಿಯ ಮಾತೆಲ್ಲ ನಿನ್ನಮ್ಮನದು, ನಿನ್ನನ್ನು ಮುದ್ದು ಮಾಡಿದ್ದೇ ಹಾಗೆ ಎಂದು ಒಂದು ವಾಕ್ಯ ಸಾಕು. ಆದರೆ ಆ ವಾಕ್ಯ ಮುಗಿಯುತ್ತಲೇ ಅವಳು ನನ್ನ ಮುಖ ನೋಡುತ್ತಾಳೆ. ನಡುವೆ ಕೂತವರು ಮಾತು ಬದಲಿಸುತ್ತಾರೆಂದು ಒಮ್ಮೆ ತಿಳಿದ ಮೇಲೆ, ಆಸ್ಪತ್ರೆಯಲ್ಲಿ ನಡುವೆ ಕೂತವಳು ಯಾರು? ಹಳೆಯ ಸುಳ್ಳನ್ನು ಬಿಚ್ಚಿದರೆ ಹೊಸದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಆಗ ಅವಳಿಗೆ ಉಳಿಯುವುದು ಅವಳನ್ನು ಎದ್ದು ಹೋಗೆಂದ ತಾಯಿ.

ಅವಳು ನೋಟ್‌ಬುಕ್ಕಿನ ಮೇಲೆ ಕೈಯಾಡಿಸುತ್ತಾ ಹೇಳಿದಳು. "ಹುಟ್ಟಿದಾಗಿಂದ ಅಮ್ಮ ನನ್ ಜೊತೆ ಮಾತಾಡಿದಾಳೆ ಮದ್ರಿನಾ. ಇಂಥ ಒಂದು ಮಾತು, ಒಂದೇ ಒಂದು, ಯಾವತ್ತಾದ್ರೂ ನಂಗೆ ಹೇಳಿದ್ಲಾ? ನೀವು ಯಾವಾಗ್ಲೂ ಜೊತೇಲಿದ್ರಿ. ನಿಮಗೆ ನೆನಪಿರ್ಬೇಕು."

ನನಗೆ ಎಲ್ಲ ನೆನಪಿತ್ತು.

"ಇಲ್ಲ ಮಗಳೇ, ಹೇಳಿರ್ಲಿಲ್ಲ" ಎಂದೆ.